ಸುಣ್ಣದ ಬಿಸಿಗೇ ಚಹಾ: ಕೊನೆಗೂ ಹದ ಸಿಕ್ಕಿತು

ಬೆಂಕಿ ಇಲ್ಲದೆ ಚಹಾ ಉಗುರುಬೆಚ್ಚಗಾದೀತು ಅಷ್ಟೇ ಅಂದವರೇ ಎಲ್ಲ. ಈಗ ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಏಳುವ ಬಿಸಿಯಿಂದಲೇ ನನ್ನ ಡಬ್ಬಿಯಲ್ಲಿ 200 ಮಿಲಿ ಚಹಾ 28 ಡಿಗ್ರಿಯಿಂದ 65ಕ್ಕೆ ಏರುತ್ತಿದೆ, ಏಳೆಂಟು ನಿಮಿಷದಲ್ಲಿ. ಹೊಲಕ್ಕೆ, ಲಾರಿಗೆ ಒಯ್ಯುವವರಿಗೆ ಇಷ್ಟು ಸಾಕು.

ಎಲ್ಲಾ ನಿಂತಿರುವುದು ಸುಟ್ಟ ಸುಣ್ಣದ ಮೇಲೆ. ಮೊದಲು ತಂದ ಐದು ಕೆ.ಜಿ. ಪುಡಿ ದಂಡ. ಮಳೆಗಾಲದ ಗಾಳಿಯ ತೇವಕ್ಕೇ ಅರಳಿ ಹೋಗಿತ್ತು, ನೀರು ಸುರಿದರೂ ಬೆಚ್ಚಗಾಗಲಿಲ್ಲ. ಈಗ ಹೆಂಟೆಯನ್ನೇ ತಂದು, ಚೂರಿಗೆ ಒಂದು ಚಮಚ ನೀರು ಹಾಕಿ ನೋಡುತ್ತೇನೆ. ಒಂದೆರಡು ನಿಮಿಷದಲ್ಲಿ ಬಿರುಕು ಬಿಟ್ಟು ಹಬೆ ಎದ್ದರೆ ಮಾತ್ರ ಉಳಿದದ್ದನ್ನು ಕುಟ್ಟುವುದು. ಹೆಸರುಕಾಳಿಗಿಂತ ಸಣ್ಣದಾದರೆ ನೀರು ಒಮ್ಮೆಲೇ ಕುದಿದು ಹಬೆಯಾಗಿ ಹಾರುತ್ತದೆ, ಕಡಲೆಕಾಳಿಗಿಂತ ದಪ್ಪಗಾದರೆ ಒಳಗೆ ಅರಳದೆ ಉಳಿಯುತ್ತದೆ.

ಲೀಟರಿನ ಸ್ಟೀಲ್ ಡಬ್ಬಿಯೊಳಗೆ ಮುಚ್ಚಳದ ಸ್ಟೀಲ್ ಲೋಟ, ಅದರ ಸುತ್ತ ಮತ್ತು ಅಡಿಯಲ್ಲಿ 80 ಗ್ರಾಂ ಸುಣ್ಣ. ನೀರಿಗೆ ಐಸ್‌ಕ್ಯಾಂಡಿಯ ಉದ್ದ ಕವರು: 45 ಮಿಲಿ ತುಂಬಿ, ಬಾಯಿ ಮೇಣದಬತ್ತಿಗೆ ಹಿಡಿದು ಅಂಟಿಸಿ, ಲೋಟದ ಸುತ್ತ ಸುಣ್ಣದ ಮೇಲೆ ಸುತ್ತಿಡಬೇಕು. ಡಬ್ಬಿಯ ಮುಚ್ಚಳಕ್ಕೆ 3 ಮಿ.ಮೀ.ನ ಮೂರು ತೂತು. ದಬ್ಬಣದಿಂದ ಕವರು ಚುಚ್ಚುವುದು ಅಲ್ಲಿಂದಲೇ, ಹಬೆ ಅಲ್ಲಿಂದಲೇ ಹೊರಗೆ. ತೂತಿಲ್ಲದೆ ಬಿಗಿಯಾಗಿ ಮುಚ್ಚಿದ ಒಂದು ಡಬ್ಬಿಯ ಮುಚ್ಚಳ ಸೂರಿಗೆ ಬಡಿಯಿತು. ಅರಳಿದ ಸುಣ್ಣ ಎರಡೂವರೆ ಪಟ್ಟು ಉಬ್ಬುತ್ತದೆ, ಅಷ್ಟು ಜಾಗ ಬಿಡಲೇಬೇಕು. ಕಣ್ಣಿಗೆ ಸಿಡಿದರೆ ತಕ್ಷಣ ಇಪ್ಪತ್ತು ನಿಮಿಷ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಬೇಕು.

80 ಗ್ರಾಂ ಸುಣ್ಣ ಅರಳಲು ಲೆಕ್ಕಕ್ಕೆ 25 ಮಿಲಿ ನೀರು ಸಾಕು. 45ರಲ್ಲಿ ಉಳಿದದ್ದು ಹಬೆಗೆ. 70 ಮಿಲಿ ಹಾಕಿದಾಗ ಬಿಸಿಯನ್ನು ಆ ನೀರೇ ಕುಡಿದು ಚಹಾ 50 ದಾಟಲಿಲ್ಲ. 25 ಮಾತ್ರ ಹಾಕಿದಾಗ ಒಂದು ಬದಿ ಒಣಗಿಯೇ ಉಳಿದು, ಇನ್ನೊಂದು ಬದಿಯ ಕವರು ಕರಗಿ ಅಂಟಿತು. ಹೊರಗೆ ಥರ್ಮಕೋಲ್ ಸುತ್ತಿದ್ದು ಸೊರಗಿ ಮುದುಡಿತು, ಗೋಣಿತಟ್ಟೇ ಗಟ್ಟಿ.

ಅಲ್ಯೂಮಿನಿಯಂ ಲೋಟ ಬೇಡವೇ ಬೇಡ. ಸುಣ್ಣಕ್ಕೆ ತಿನ್ನಿಸಿಕೊಂಡು ಹೈಡ್ರೋಜನ್ ಬಿಡುತ್ತದೆ, ಬೀಡಿ ಹಚ್ಚಿದವರ ಪಕ್ಕ ಅಪಾಯ. ಅಮೆರಿಕ ಸೈನ್ಯದ ಊಟದ ಪೊಟ್ಟಣದಲ್ಲಿರುವ ಮೆಗ್ನೀಸಿಯಂ, ಕಬ್ಬಿಣ, ಉಪ್ಪಿನ ಪುಡಿಯನ್ನೂ ಮಾಡಿ ನೋಡಿದೆ. ಹಗುರ, ಬಿಸಿಯೂ ಜೋರು. ಆದರೆ ಅದೂ ಹೈಡ್ರೋಜನ್ ಬಿಡುತ್ತದೆ, ಒಂದು ಸಲಕ್ಕೆ ಮೂವತ್ತು ರೂಪಾಯಿ ಮೇಲೆ. ಸುಣ್ಣದ್ದು ಕವರು ಸೇರಿ ಮೂರು ರೂಪಾಯಿ. ಹಾಳಾದ ಡಬ್ಬಿ, ಸುಣ್ಣಕ್ಕೆ ಎರಡೂವರೆ ಸಾವಿರ ಹೋಗಿರಬೇಕು.

ಬಿಸಿ ಒಮ್ಮೆಲೇ ಏರದೆ ನಿಧಾನ ಹಿಡಿಯಲು ಸುಣ್ಣದ ಕಾಳಿಗೆ ಏನು ಸವರುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಿಲ್ಲದೆಯೂ 60 ಬರುತ್ತದೆ.

ಉಳಿದ ಸುಣ್ಣ ಆರಿದ ಮೇಲೆ ಬಿಸಾಡಬೇಡಿ. ಚನ್ನಗಿರಿ ಕಡೆಯ ತೋಟದವರು ಬಿಸಿಲಿಗೆ ಬಿರಿಯದಂತೆ ಅಡಿಕೆ ಕಾಂಡಕ್ಕೆ ಬಳಿಯುವುದು ಇದನ್ನೇ.