ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾ ಶಕ್ತಿ ಉಳಿಸುವುದು ಹೇಗೆ? ಎಲೆಕ್ಟ್ರಾನ್ ಲೆಕ್ಕ ಹಾಕಿ ನೋಡಿ

ಗ್ಲೂಕೋಸಿನ ಒಂದು ಅಣುವನ್ನು ಪೈರುವೇಟ್‌ವರೆಗೆ ಒಡೆದರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗೆ ದಕ್ಕುವುದು 2 ಎಟಿಪಿ, ಅಂದರೆ ಕೋಶದ ಶಕ್ತಿ ನಾಣ್ಯ. ಬ್ಯುಟಿರಿಕ್ ಆಮ್ಲದವರೆಗೆ ಸಾಗಿದರೆ ಇನ್ನೊಂದು. ಈ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಆದಾಯ 2008ರಲ್ಲಿ ಕ್ಲಾಸ್ಟ್ರಿಡಿಯಂ ಕ್ಲೂವೆರಿಯ ಕಿಣ್ವವೊಂದರಲ್ಲಿ ಸಿಕ್ಕಿತು. ಅದು ಎಲೆಕ್ಟ್ರಾನ್ ಜೋಡಿಯನ್ನು ಸೀಳಿ ಎರಡು ದಾರಿಗೆ ಕಳಿಸುತ್ತದೆ.

ಮೊದಲು ವಿಭವಗಳನ್ನು ಬರೆದುಕೊಳ್ಳಿ: ವಿಭವ ಹೆಚ್ಚು ಮೈನಸ್ ಆದಷ್ಟೂ ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವು ಹೆಚ್ಚು. ಎಲೆಕ್ಟ್ರಾನ್ ಹೊತ್ತೊಯ್ಯುವ ಅಣು ಎನ್‌ಎಡಿಎಚ್‌ನದು ಮೈನಸ್ 320 ಮಿಲಿವೋಲ್ಟ್, ಬ್ಯುಟಿರಿಕ್ ಆಮ್ಲದ ದಾರಿಯಲ್ಲಿ ಎಲೆಕ್ಟ್ರಾನ್ ಪಡೆಯುವ ಕ್ರೊಟೊನಿಲ್-ಕೋಎಯದು ಮೈನಸ್ 10. ಅಂತರ 310, ಎರಡು ಎಲೆಕ್ಟ್ರಾನ್‌ಗೆ ಪ್ರತಿ ಮೋಲ್‌ಗೆ ಸುಮಾರು 60 ಕಿಲೋಜೂಲ್. ನೇರವಾಗಿ ಇಳಿದರೆ ಅಷ್ಟೂ ಪೋಲು.

ಇನ್ನು ಕಿಣ್ವದೊಳಗೆ ಬನ್ನಿ. ನಿಜವಾದ ಚಮತ್ಕಾರ ಇಲ್ಲೇ. ಅದರಲ್ಲಿರುವ ಫ್ಲೇವಿನ್ ಎಂಬ ಸಹಾಯಕ ಅಣು, ಎನ್‌ಎಡಿಎಚ್‌ನಿಂದ ಎರಡು ಎಲೆಕ್ಟ್ರಾನ್‌ಗಳನ್ನು ಒಟ್ಟಿಗೆ ಪಡೆಯುತ್ತದೆ. ಒಂದು, ಇಳಿಜಾರು ಹಿಡಿದು ಕ್ರೊಟೊನಿಲ್-ಕೋಎ ಕಡೆಗೆ ಹೋಗುತ್ತದೆ. ಹೋದ ಕೂಡಲೇ ಉಳಿದ ಒಂಟಿ ಎಲೆಕ್ಟ್ರಾನ್ ಅಸ್ಥಿರವಾಗುತ್ತದೆ. ಅದರ ವಿಭವ ಎಷ್ಟು ಕೆಳಗಿಳಿಯುತ್ತದೆಂದರೆ, ಕೋಶದಲ್ಲಿ ಮೈನಸ್ 500ರ ಆಸುಪಾಸಿನಲ್ಲಿರುವ ಫೆರೆಡಾಕ್ಸಿನ್ ಎಂಬ ಕಬ್ಬಿಣ-ಗಂಧಕದ ಪ್ರೋಟೀನ್‌ಗೂ ಅದನ್ನು ದಾಟಿಸಬಹುದು. ಕ್ರೊಟೊನಿಲ್-ಕೋಎಗೆ ಎರಡು ಎಲೆಕ್ಟ್ರಾನ್ ಬೇಕಾದ್ದರಿಂದ ಇದೆಲ್ಲ ಎರಡು ಸಲ ನಡೆಯಬೇಕು. ಅನೇಕರು ಎಡವುವುದು ಇಲ್ಲಿ: ಸಮೀಕರಣದಲ್ಲಿ 2 ಎನ್‌ಎಡಿಎಚ್ ಬರೆಯದಿದ್ದರೆ ಲೆಕ್ಕ ಕೂಡುವುದಿಲ್ಲ. 60ರಲ್ಲಿ ಸುಮಾರು 35 ಕಿಲೋಜೂಲ್ ಫೆರೆಡಾಕ್ಸಿನ್‌ನಲ್ಲಿ ಉಳಿಯುತ್ತದೆ. ಮಿಕ್ಕ 25 ಕ್ರಿಯೆಯನ್ನು ಮುಂದಕ್ಕೆ ತಳ್ಳುವ ಬಲ, ಅದೂ ಬೇಕೇಬೇಕು.

ಮುಂದಿನ ಕೆಲಸ ಪೊರೆಯಲ್ಲಿರುವ ಆರ್‌ಎನ್‌ಎಫ್ ಎಂಬ ಪ್ರೋಟೀನ್ ಸಂಕೀರ್ಣದ್ದು. ಫೆರೆಡಾಕ್ಸಿನ್‌ನ ಎಲೆಕ್ಟ್ರಾನ್‌ಗಳನ್ನು ಎನ್‌ಎಡಿಗೆ (ಎಲೆಕ್ಟ್ರಾನ್ ಕಳೆದುಕೊಂಡ ಎನ್‌ಎಡಿಎಚ್) ಮರಳಿಸುತ್ತ, ಜೋಡಿಗೆ ಸುಮಾರು 2 ಅಯಾನ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಅಸಿಟೊಬ್ಯಾಕ್ಟೀರಿಯಂ ವುಡಿಯಲ್ಲಿ ಆ ಅಯಾನ್ ಸೋಡಿಯಂ, ಕ್ಲಾಸ್ಟ್ರಿಡಿಯಂ ಲ್ಯುಂಗ್ಡಾಲಿಯಲ್ಲಿ ಪ್ರೋಟಾನ್. ಅಯಾನ್‌ಗಳು ಮರಳುವ ಹರಿವಿನಿಂದಲೇ ಎಟಿಪಿ ತಯಾರಾಗುತ್ತದೆ; ಒಂದು ಎಟಿಪಿಗೆ 3ರಿಂದ 4 ಅಯಾನ್ ಒಳಬರಬೇಕು. ಅಂದರೆ ಜೋಡಿಯೊಂದಕ್ಕೆ ಹೆಚ್ಚುಕಡಿಮೆ ಅರ್ಧ ಎಟಿಪಿ. ಆರ್‌ಎನ್‌ಎಫ್ ಇಲ್ಲದ ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟಿಲಿಕಂನಂಥವಕ್ಕೆ ಈ ಲೆಕ್ಕ ಹಾಕಬೇಡಿ. ಅಲ್ಲಿ ಹೈಡ್ರೋಜನೇಸ್ ಎಂಬ ಕಿಣ್ವ ಆ ಎಲೆಕ್ಟ್ರಾನ್‌ಗಳನ್ನು ಹೈಡ್ರೋಜನ್ ಅನಿಲವಾಗಿಸಿ ಹೊರಬಿಡುತ್ತದೆ.

ಪ್ರಯೋಗಾಲಯದಲ್ಲಿ ಈ ಕಿಣ್ವವನ್ನು ಪರೀಕ್ಷಿಸುವವರು ಆಮ್ಲಜನಕವನ್ನು ಪೂರ್ತಿ ಹೊರಗಿಡಬೇಕು. 340 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಎನ್‌ಎಡಿಎಚ್ ಇಳಿಯುವುದನ್ನು ನೋಡಿ. ಬಳಿಕ ಫೆರೆಡಾಕ್ಸಿನ್ ಇಲ್ಲದೆ ಅದೇ ಅಳತೆ ಮಾಡಿ. ಆಗಲೂ ಎನ್‌ಎಡಿಎಚ್ ಇಳಿಯುತ್ತಿದ್ದರೆ ಎರಡು ದಾರಿಗಳ ಜೋಡಣೆ ಸಡಿಲಗೊಂಡಿದೆ, ಇಲ್ಲವೇ ಗಾಳಿ ನುಸುಳಿದೆ. ಆಮ್ಲಜನಕ ಸಿಕ್ಕರೆ ಫ್ಲೇವಿನ್ ಎಲೆಕ್ಟ್ರಾನ್‌ಗಳನ್ನು ಅದಕ್ಕೇ ಕೊಟ್ಟುಬಿಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಫೆರೆಡಾಕ್ಸಿನ್‌ನ ಪಾಲಿಗೆ ಏನೂ ಉಳಿಯುವುದಿಲ್ಲ.