ಪ್ಯಾಡ್ ಬದಲಾಯಿಸುವ ಮೊದಲು: ಸಣ್ಣ ಕಾರಿನ ಬ್ರೇಕ್ ದೂರುಗಳ ಮೂಲ ಹುಡುಕುವ ಬಗೆ

ಸಣ್ಣ ಕಾರು ಓಡಿಸುವವರು ಬ್ರೇಕಿನ ಬಗ್ಗೆ ಹೇಳುವ ದೂರುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಪೆಡಲ್ ಮೆತ್ತಗಾಗಿದೆ ಅಥವಾ ವಿಪರೀತ ಗಟ್ಟಿಯಾಗಿದೆ, ಬ್ರೇಕ್ ಹಾಕಿದರೆ ಕಿರಿಚುತ್ತದೆ, ಸ್ಟೀರಿಂಗ್ ನಡುಗುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ, ಚಕ್ರ ಬಿಸಿಯಾಗುತ್ತದೆ, ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ದೂರುಗಳು ಇಷ್ಟು ಬಗೆಯಾಗಿದ್ದರೂ ಅವಕ್ಕೆ ಸಿಗುವ ಪರಿಹಾರ ಹೆಚ್ಚಿನ ಸಲ ಒಂದೇ ಆಗಿರುತ್ತದೆ: ಮುಂದಿನ ಚಕ್ರಗಳಿಗೆ ಹೊಸ ಪ್ಯಾಡ್, ಅಂದರೆ ಡಿಸ್ಕನ್ನು ಎರಡು ಬದಿಯಿಂದ ಅದುಮಿ ಹಿಡಿಯುವ ಘರ್ಷಣೆಯ ತುಂಡುಗಳು. ಪ್ಯಾಡ್ ನಿಜವಾಗಿ ಸವೆದಿದ್ದರೆ ಅದು ಸರಿಯೇ. ಆದರೆ ಮೇಲಿನ ದೂರುಗಳಲ್ಲಿ ಬಹಳಷ್ಟಕ್ಕೆ ಪ್ಯಾಡ್ ಕಾರಣವಲ್ಲ. ಕಾರಣ ಹಾಗೆಯೇ ಉಳಿದಿದ್ದರೆ ಹೊಸ ಪ್ಯಾಡ್ ಕೂಡ ಕೆಲವೇ ತಿಂಗಳಲ್ಲಿ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಲಕ್ಷಣವನ್ನು ಸರಿಯಾಗಿ ಓದಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ), ಹಿಂದಿನ ಎರಡಕ್ಕೆ ಡ್ರಮ್ (ಒಳಗಿನಿಂದ ಬ್ರೇಕ್ ಶೂಗಳು ಒತ್ತುವ ಲೋಹದ ಡಬ್ಬಿ) ಇರುತ್ತದೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆ. ಎಲ್ಲರ ಗಮನ ಮುಂದಿನ ಪ್ಯಾಡಿನ ಮೇಲೆಯೇ ಇದ್ದು, ಹಿಂದಿನ ಡ್ರಮ್ಮನ್ನು ವರ್ಷಗಟ್ಟಲೆ ಯಾರೂ ಬಿಚ್ಚಿ ನೋಡದಿರಲು ಇದೇ ಕಾರಣ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಎರಡು ಪ್ರತ್ಯೇಕ ಮಾರ್ಗಗಳಲ್ಲಿ ಹರಿಯುತ್ತದೆ. ಮುಂದಿನ ಚಕ್ರಗಳಿಂದ ಓಡುವ ಗಾಡಿಗಳಲ್ಲಿ ಈ ಮಾರ್ಗಗಳನ್ನು ಸಾಮಾನ್ಯವಾಗಿ ಓರೆಯಾಗಿ ಹಂಚಿರುತ್ತಾರೆ: ಮುಂದಿನ ಎಡಚಕ್ರದ ಜೊತೆ ಹಿಂದಿನ ಬಲಚಕ್ರ, ಮುಂದಿನ ಬಲಚಕ್ರದ ಜೊತೆ ಹಿಂದಿನ ಎಡಚಕ್ರ. ಒಂದು ಮಾರ್ಗ ಸೋರಿದರೂ ಇನ್ನೊಂದು ಕೆಲಸ ಮಾಡುತ್ತದೆ, ಆದರೆ ಪೆಡಲ್ ತುಂಬ ಕೆಳಗಿಳಿಯುತ್ತದೆ ಮತ್ತು ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಪೆಡಲ್ ಹೇಳುವುದನ್ನು ಕೇಳುವುದು

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಆಫ್ ಮಾಡಿ, ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲನ್ನು ಹಾಗೆಯೇ ಒತ್ತಿಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡಬೇಕು. ಬೂಸ್ಟರ್ (ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಸರಿಯಿದ್ದರೆ ಪೆಡಲ್ ಕಾಲಿನ ಕೆಳಗೆ ತುಸು ಕುಸಿದು ನಿಲ್ಲುತ್ತದೆ. ಕುಸಿಯದೆ ಗಟ್ಟಿಯಾಗಿಯೇ ಉಳಿದರೆ ಬೂಸ್ಟರಿಗೆ ಎಂಜಿನ್ನಿನಿಂದ ಬರುವ ನಿರ್ವಾತ ತಲುಪುತ್ತಿಲ್ಲ, ಇಲ್ಲವೇ ಬೂಸ್ಟರಿನೊಳಗಿನ ಡಯಾಫ್ರಾಮ್ ಎಂಬ ರಬ್ಬರ್ ಪರದೆ ಹರಿದಿದೆ ಎಂದು ತಿಳಿಯಬೇಕು. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹಿಸ್ಸೆನ್ನುವ ಸದ್ದು ಬರುತ್ತಿದ್ದರೆ ಎರಡನೆಯದೇ ಸಾಧ್ಯತೆ ಹೆಚ್ಚು. ಬೂಸ್ಟರ್ ದುಬಾರಿ ಭಾಗವಾದ್ದರಿಂದ ಅದನ್ನು ಬದಲಾಯಿಸಲು ಒಪ್ಪುವ ಮೊದಲು ಎಂಜಿನ್ನಿನಿಂದ ಅದಕ್ಕೆ ಬರುವ ದಪ್ಪ ರಬ್ಬರ್ ಪೈಪನ್ನೂ, ಆ ಪೈಪಿನಲ್ಲಿರುವ ಏಕಮುಖ ವಾಲ್ವನ್ನೂ ನೋಡಿಸಿ. ಸಡಿಲವಾದ ಒಂದು ಕ್ಲಿಪ್ಪಿನಿಂದಲೂ ಇದೇ ಲಕ್ಷಣ ಹುಟ್ಟಬಹುದು.

ಮೆತ್ತಗಿನ ಪೆಡಲಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಒಂದೇ ಮಾತಿನಲ್ಲಿ ಜನರು ಮೂರು ಬೇರೆ ಬೇರೆ ದೋಷಗಳನ್ನು ಹೇಳುತ್ತಿರುತ್ತಾರೆ. ಮೊದಲನೆಯದರಲ್ಲಿ ಪೆಡಲ್ ಸ್ಪಂಜನ್ನು ಅದುಮಿದಂತೆ ಹಿಗ್ಗಿ ಕುಗ್ಗುತ್ತದೆ. ಪೈಪುಗಳಲ್ಲಿ ಗಾಳಿ ಸೇರಿರುವುದರ ಗುರುತು ಇದು. ಎರಡನೆಯದರಲ್ಲಿ ಮೊದಲ ಸಲ ಒತ್ತಿದಾಗ ಪೆಡಲ್ ಬಹಳ ಕೆಳಕ್ಕೆ ಹೋಗಿ, ತಕ್ಷಣ ಎರಡನೆಯ ಸಲ ಒತ್ತಿದರೆ ಎತ್ತರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಹೀಗಾದರೆ ಹಿಂದಿನ ಡ್ರಮ್ಮುಗಳಲ್ಲಿ ಬ್ರೇಕ್ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಮೂರನೆಯದರಲ್ಲಿ ಕಾಲನ್ನು ಸಮವಾಗಿ ಒತ್ತಿ ಹಿಡಿದಿದ್ದರೂ ಪೆಡಲ್ ನಿಧಾನವಾಗಿ ನೆಲದತ್ತ ಇಳಿಯುತ್ತ ಹೋಗುತ್ತದೆ. ಆಯಿಲ್ ಮಟ್ಟ ಕಡಿಮೆಯಾಗುತ್ತಿದ್ದರೆ ಎಲ್ಲೋ ಹೊರಗೆ ಸೋರಿಕೆಯಿದೆ. ಮಟ್ಟ ಇದ್ದಷ್ಟೇ ಇದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೀಲುಗಳು ಸವೆದು ಒತ್ತಡ ಒಳಗಿಂದೊಳಗೇ ಹಿಂದಕ್ಕೆ ನುಸುಳುತ್ತಿದೆ. ಈ ಮೂರನೆಯ ಲಕ್ಷಣ ಕಂಡ ಗಾಡಿಯನ್ನು ರಿಪೇರಿಯಾಗುವವರೆಗೆ ರಸ್ತೆಗಿಳಿಸಬಾರದು.

ಡ್ರಮ್ಮಿನೊಳಗೆ ಶೂಗಳು ಸವೆದಂತೆಲ್ಲ ಅಂತರವನ್ನು ತಾನೇ ಸರಿಹೊಂದಿಸುವ ಅಡ್ಜಸ್ಟರ್ ಒಂದಿರುತ್ತದೆ. ಧೂಳು ಮತ್ತು ತುಕ್ಕಿನಿಂದ ಅದು ಸಿಕ್ಕಿಹಾಕಿಕೊಂಡರೆ ಅಂತರ ಬೆಳೆಯುತ್ತಲೇ ಹೋಗುತ್ತದೆ ಮತ್ತು ಪೆಡಲಿನ ಮೊದಲ ಒತ್ತಿನ ಬಹುಭಾಗ ಆ ಖಾಲಿ ಜಾಗವನ್ನು ತುಂಬುವುದರಲ್ಲೇ ಕಳೆಯುತ್ತದೆ. ಡ್ರಮ್ ತೆಗೆದು, ಒಳಗಿನ ಪುಡಿಯನ್ನು ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ ಮೇಲೆ, ಅಡ್ಜಸ್ಟರಿನ ಹಲ್ಲುಚಕ್ರ ಬೆರಳಿನಿಂದ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಬೇಕು. ಆ ಪುಡಿಯನ್ನು ಗಾಳಿಯ ಪೈಪಿನಿಂದ ಊದುವುದು ಗ್ಯಾರೇಜುಗಳಲ್ಲಿ ಸಾಮಾನ್ಯ ದೃಶ್ಯವಾದರೂ ಕೆಟ್ಟ ಅಭ್ಯಾಸ. ಉಸಿರಿನೊಂದಿಗೆ ಒಳಗೆ ಹೋಗಬಾರದ ಧೂಳು ಅದು. ಇದೇ ಸಮಯದಲ್ಲಿ, ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಮುಚ್ಚಳಗಳ ಅಂಚನ್ನು ಮೆಲ್ಲನೆ ಎತ್ತಿ ನೋಡಿ. ಒಳಗೆ ಆಯಿಲ್ ನಿಂತಿದ್ದರೆ ಸಿಲಿಂಡರ್ ಸೋರಲು ಆರಂಭಿಸಿದೆ ಎಂದರ್ಥ. ಆಯಿಲ್ ಹೀರಿಕೊಂಡ ಶೂಗಳನ್ನು ತೊಳೆದು ಮತ್ತೆ ಹಾಕಲು ಬರುವುದಿಲ್ಲ, ಎಡಬಲ ಎರಡೂ ಕಡೆ ಬದಲಾಯಿಸಲೇಬೇಕು.

ಬ್ರೇಕ್ ಆಯಿಲ್

ಬಾನೆಟ್ ತೆರೆದಾಗ ಕಾಣುವ ಪುಟ್ಟ ಡಬ್ಬಿಯಲ್ಲಿ ಮಟ್ಟ ಕೆಳಗಿಳಿದಿರುವುದನ್ನು ಕಂಡ ತಕ್ಷಣ ಮೇಲಕ್ಕೆ ತುಂಬಿಸಿಬಿಡುವುದು ಅನೇಕರ ರೂಢಿ. ಪ್ಯಾಡ್ ಸವೆದಂತೆ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಹೀಗಾಗಿ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಆಗ ತುಂಬಿಸಿದರೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಟ್ಟು ಡಬ್ಬಿ ಉಕ್ಕುತ್ತದೆ, ಚೆಲ್ಲಿದ ಆಯಿಲ್ ಪೇಂಟನ್ನು ತಿನ್ನುತ್ತದೆ. ಮಟ್ಟ ಇಳಿದಿದ್ದರೆ ಮೊದಲು ಪ್ಯಾಡಿನ ದಪ್ಪ ನೋಡಬೇಕು. ಪ್ಯಾಡ್ ಸವೆದಿರದಿದ್ದರೂ ಮಟ್ಟ ಇಳಿದಿದ್ದರೆ, ಇಲ್ಲವೇ ದಿಢೀರನೆ ಇಳಿದಿದ್ದರೆ ಅದು ಸೋರಿಕೆ.

ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದವು. ಹೊಸದಾಗಿದ್ದಾಗ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ನೀರಿನ ಅಂಶ ಸುಮಾರು 3.7 ಶೇಕಡಾ ಸೇರಿದಾಗ ಈ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಇವೇ ಅಂಕಿಗಳು 205 ಮತ್ತು 140. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದಾಗ ಹಳೆಯ ಆಯಿಲ್ ಕ್ಯಾಲಿಪರಿನೊಳಗೆ ಕುದಿದು ಆವಿಯಾಗುತ್ತದೆ, ಆವಿಯನ್ನು ಅದುಮಬಹುದಾದ್ದರಿಂದ ಪೆಡಲ್ ಏಕಾಏಕಿ ನೆಲಕ್ಕೆ ಹೋಗುತ್ತದೆ. ಗಾಡಿ ನಿಂತು ತಣ್ಣಗಾದ ಮೇಲೆ ಎಲ್ಲವೂ ಸರಿಯಿದ್ದಂತೆ ಕಾಣುವುದರಿಂದ ಗ್ಯಾರೇಜಿನಲ್ಲಿ ಈ ದೋಷ ಸಿಗುವುದಿಲ್ಲ. ಆಯಿಲ್ ಯಾವಾಗ ಬದಲಾಯಿಸಿದ್ದು ಎಂಬ ಪ್ರಶ್ನೆಯಿಂದಲೇ ಅದನ್ನು ಹಿಡಿಯಬೇಕು. ಅದೇ ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಕಾದು ಹಿಡಿತ ಕಳೆದುಕೊಂಡಿರುವುದು ಪ್ಯಾಡ್, ಆಯಿಲ್ ಅಲ್ಲ. ಎರಡಕ್ಕೂ ಮುನ್ನೆಚ್ಚರಿಕೆ ಒಂದೇ: ಕಡಿಮೆ ಗೇರಿನಲ್ಲಿ ಇಳಿಯುವುದು. ಹೆಚ್ಚಿನ ತಯಾರಕರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಲು ಹೇಳುತ್ತಾರೆ. ಯಾವ ದರ್ಜೆಯದು ಬೇಕೆಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ಸಿಲಿಕೋನಿನಿಂದ ಮಾಡಿದ ಡಾಟ್ 5 ಬೇರೆಯೇ ವಸ್ತು, ಇವುಗಳೊಂದಿಗೆ ಅದನ್ನು ಬೆರೆಸಬಾರದು. ಎಂಜಿನ್ ಆಯಿಲ್ ತಪ್ಪಿ ಬಿದ್ದರಂತೂ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಸದ್ದು ಮತ್ತು ನಡುಕ

ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಹಿಡಿದು, ಬೆಳಗಿನ ಮೊದಲ ಕೆಲವು ಬ್ರೇಕಿನಲ್ಲಿ ಗರಗರ ಸದ್ದು ಬಂದರೆ ಚಿಂತಿಸಬೇಕಾಗಿಲ್ಲ. ಹಲವು ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ಇಟ್ಟ ಸಣ್ಣ ಲೋಹದ ಪಟ್ಟಿ ಡಿಸ್ಕಿಗೆ ತಗುಲಿ ಕೀಚಲು ಸದ್ದು ಮಾಡುತ್ತದೆ. ಪ್ಯಾಡಿನ ಘರ್ಷಣೆಯ ಪದರ 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸುವುದು ಒಳ್ಳೆಯದು. ಲೋಹಕ್ಕೆ ಲೋಹ ಉಜ್ಜುವ ಒರಟು ಸದ್ದು ಬಂದರೆ ಪದರ ಮುಗಿದೇಹೋಗಿದೆ. ಚಕ್ರದ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಹೊರಗಿನ ಪ್ಯಾಡ್ ಮಾತ್ರ ಕಾಣುತ್ತದೆ. ಒಳಗಿನದು ಅದಕ್ಕಿಂತ ಹೆಚ್ಚು ಸವೆದಿರಬಹುದಾದ್ದರಿಂದ ಚಕ್ರ ಬಿಚ್ಚದೆ ತೀರ್ಮಾನಿಸಬೇಡಿ.

ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅದುರಿದರೆ ಅನುಮಾನ ಮುಂದಿನ ಡಿಸ್ಕಿನ ಮೇಲೆ. ಸ್ಟೀರಿಂಗ್ ಸ್ಥಿರವಾಗಿದ್ದು ಸೀಟು ಮತ್ತು ಪೆಡಲ್ ಅದುರಿದರೆ ಹಿಂದಿನ ಡ್ರಮ್ಮಿನ ಮೇಲೆ. ಡಿಸ್ಕ್ ಬಾಗಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಹೆಚ್ಚಾಗಿ ಆಗಿರುವುದು ಡಿಸ್ಕಿನ ದಪ್ಪದಲ್ಲಿ ಸುತ್ತಲೂ ಉಂಟಾದ ಸಣ್ಣ ಏರುಪೇರು ಅಥವಾ ಅದರ ಮೇಲೆ ಅಸಮವಾಗಿ ಅಂಟಿದ ಪ್ಯಾಡಿನ ಪದರ. ಕೂದಲೆಳೆಗಿಂತ ತೆಳುವಾದ ವ್ಯತ್ಯಾಸವೂ ಪೆಡಲಿನಲ್ಲಿ ಗೊತ್ತಾಗುತ್ತದೆ. ಚಕ್ರ ಕೂರುವ ನಡುಭಾಗವಾದ ಹಬ್ಬಿನ ಮೇಲಿನ ತುಕ್ಕನ್ನು ಉಜ್ಜದೆ ಡಿಸ್ಕ್ ಕೂರಿಸುವುದು, ವೀಲ್ ನಟ್‌ಗಳನ್ನು ನಟ್ ಬಿಗಿಸುವ ಗನ್ನಿನಿಂದ ಒಂದೊಂದನ್ನು ಒಂದೊಂದು ಬಿಗಿಗೆ ತಿರುಗಿಸುವುದು ಇದಕ್ಕೆ ದಾರಿ ಮಾಡಿಕೊಡುತ್ತವೆ. ಪಂಕ್ಚರ್ ಹಾಕಿಸಿ ಕೆಲವು ವಾರಗಳಾದ ಮೇಲೆ ನಡುಕ ಶುರುವಾಗಿದ್ದರೆ ನಟ್‌ಗಳ ಬಿಗಿಯನ್ನೇ ಮೊದಲು ನೋಡಿ. ಡಿಸ್ಕನ್ನು ಕೆತ್ತಿ ಸಮ ಮಾಡಿಸಲು ಲೇತಿಗೆ ಕೊಡುವ ಮೊದಲು ಅದರ ಅಂಚಿನಲ್ಲಿ ಅಚ್ಚೊತ್ತಿರುವ ಕನಿಷ್ಠ ದಪ್ಪವನ್ನು ಓದಿ. ಲೇತಿನ ನಂತರ ಅದಕ್ಕಿಂತ ತೆಳುವಾಗುವಂತಿದ್ದರೆ ಹೊಸ ಡಿಸ್ಕ್ ಹಾಕದೆ ಗತಿಯಿಲ್ಲ. ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಪಟಪಟನೆ ಕಾಲನ್ನು ಒದೆಯುವುದು, ಚಕ್ರಗಳು ತಿರುಗದೆ ಜಾರುವುದನ್ನು ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ದೋಷವಲ್ಲ.

ಎಳೆಯುವ ಗಾಡಿ, ಬಿಸಿಯಾಗುವ ಚಕ್ರ

ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ ಮೊದಲು ಟೈರುಗಳ ಗಾಳಿ ಸಮ ಮಾಡಿ. ಆಮೇಲೂ ಎಳೆದರೆ, ಆದಷ್ಟು ಕಡಿಮೆ ಬ್ರೇಕ್ ಬಳಸಿ ಕೆಲವು ಕಿಲೋಮೀಟರ್ ಓಡಿಸಿ, ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಬಳಿ ಅಂಗೈ ಹಿಡಿದು ಕಾವನ್ನು ಗಮನಿಸಿ. ಡಿಸ್ಕನ್ನು ಮುಟ್ಟಬೇಡಿ. ಎಡಬಲ ಜೋಡಿಯಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಮೈಲೇಜ್ ಕಡಿಮೆಯಾಗಿದೆ ಎಂಬ ದೂರಿನ ಹಿಂದೆಯೂ ಕೆಲವೊಮ್ಮೆ ಇದೇ ಇರುತ್ತದೆ.

ಇಲ್ಲಿ ಮೊದಲು ನೋಡಬೇಕಾದದ್ದು ಕ್ಯಾಲಿಪರ್ ಜಾರುವ ಎರಡು ಪಿನ್‌ಗಳನ್ನು. ಸಣ್ಣ ಕಾರಿನ ಕ್ಯಾಲಿಪರಿಗೆ ಸಾಮಾನ್ಯವಾಗಿ ಒಂದೇ ಪಿಸ್ಟನ್. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ಪೂರ್ತಿಯಾಗಿ ಈ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ರಬ್ಬರ್ ಬೂಟ್ ಹರಿದು ನೀರು ಒಳಸೇರಿದ ಪಿನ್ನನ್ನು ಹೊರಗೆಳೆದರೆ ಗ್ರೀಸ್ ಕಂದು ಬಣ್ಣದ ಗಟ್ಟಿ ಹೆಕ್ಕಳೆಯಾಗಿರುವುದೂ, ಲೋಹದ ಮೇಲೆ ತುಕ್ಕಿನ ಗುಳಿಗಳು ಬಿದ್ದಿರುವುದೂ ಕಾಣುತ್ತದೆ. ಗುಳಿ ಬಿದ್ದಿಲ್ಲದಿದ್ದರೆ ಪಿನ್ನನ್ನೂ ಅದು ಕೂರುವ ರಂಧ್ರವನ್ನೂ ಚೊಕ್ಕಟ ಮಾಡಿ, ರಬ್ಬರಿಗೆ ಹೊಂದುವ ಸಿಲಿಕೋನ್ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಹಾಕಬಹುದು. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪಿನ್ ಸಲೀಸಾಗಿದ್ದೂ ಚಕ್ರ ಬಿಡದಿದ್ದರೆ ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿ ನೋಡಿ. ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ ಒತ್ತಡ ಹಿಂದಿರುಗುತ್ತಿಲ್ಲ, ಬಹುಶಃ ರಬ್ಬರ್ ಹೋಸ್ ಒಳಗಡೆ ಕುಸಿದು ಹಾದಿ ಕಟ್ಟಿದೆ. ಹೊರಗಿನಿಂದ ಆ ಹೋಸ್ ಹೊಸದರಂತೆಯೇ ಕಾಣಬಹುದು. ಆಗಲೂ ಸಡಿಲಾಗದಿದ್ದರೆ ಪಿಸ್ಟನ್ ತುಕ್ಕು ಹಿಡಿದು ಕೂತಿದೆ.

ಹ್ಯಾಂಡ್‌ಬ್ರೇಕ್ ತುಂಬ ಮೇಲಕ್ಕೆ ಬರುತ್ತದೆಂದು ಕೇಬಲನ್ನು ಬಿಗಿಗೊಳಿಸುವುದು ಸುಲಭದ ಕೆಲಸ, ಆದರೆ ತಪ್ಪು ಕ್ರಮ. ಬಿಗಿಯಾದ ಕೇಬಲ್ ಶೂಗಳನ್ನು ಅವುಗಳ ಜಾಗದಿಂದ ಎಬ್ಬಿಸಿ ಹಿಡಿಯುವುದರಿಂದ ಅಡ್ಜಸ್ಟರ್ ಕೆಲಸ ಮಾಡದೇ ಹೋಗುತ್ತದೆ. ಮೊದಲು ಶೂಗಳ ಅಂತರ, ಆಮೇಲೆ ಕೇಬಲ್.

ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಉರಿಯುತ್ತಿದ್ದರೆ ಗಾಡಿ ನಿಲ್ಲಿಸಿ ಆಯಿಲ್ ಮಟ್ಟ ನೋಡಬೇಕು. ಹಳದಿ ಎಬಿಎಸ್ ದೀಪ ಒಂದೇ ಉರಿದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಚಕ್ರದ ವೇಗ ಅಳೆಯುವ ಸೆನ್ಸರಿನ ಕೊಳೆ ಅಥವಾ ತುಂಡಾದ ವೈರು ಆಗಾಗ ಕಾಣುವ ಕಾರಣ. ಎರಡೂ ಒಟ್ಟಿಗೆ ಉರಿದರೆ ಓಡಿಸದಿರುವುದೇ ಲೇಸು.

ಕೆಲಸಕ್ಕೆ ಇಳಿಯುವವರು ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿನ ಜೊತೆಗೆ ಸ್ಟ್ಯಾಂಡನ್ನೂ ಇಡಬೇಕು. ಬರಿಯ ಜಾಕಿನ ಭರವಸೆಯಲ್ಲಿ ಗಾಡಿಯ ಕೆಳಗೆ ಕೈ ಹಾಕಬಾರದು. ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ಜೋತುಬಿಡದೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಹೊಸ ಪ್ಯಾಡ್ ಕೂರಿಸಿದ ಮೇಲೆ ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಗಾಡಿಯನ್ನು ಒಂದಡಿಯೂ ಸರಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಅರ್ಧರ್ಧ ಒತ್ತಿ ಬಿಡಬೇಕು. ಪೂರ್ತಿ ನೆಲಕ್ಕೆ ಒತ್ತಿದರೆ ಹಳೆಯ ಮಾಸ್ಟರ್ ಸಿಲಿಂಡರಿನ ಸೀಲುಗಳು ತುಕ್ಕಿರುವ ಭಾಗಕ್ಕೆ ಜಾರಿ ಹರಿಯುವ ಅಪಾಯವಿದೆ. ನಂತರ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹದವಾಗಿ ಹಲವು ಸಲ ವೇಗ ತಗ್ಗಿಸುತ್ತ, ನಡುನಡುವೆ ತಣ್ಣಗಾಗಲು ಬಿಟ್ಟು ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಈ ಹಂತದಲ್ಲಿ ಬಿಸಿಯಾದ ಬ್ರೇಕನ್ನು ಒತ್ತಿಕೊಂಡೇ ನಿಲ್ಲಬೇಡಿ, ಒತ್ತಿದ ಜಾಗದಲ್ಲಿ ಪ್ಯಾಡಿನ ಪದರ ಡಿಸ್ಕಿಗೆ ಅಂಟಿಕೊಂಡು ನಡುಕ ಅಲ್ಲಿಂದಲೇ ಆರಂಭವಾಗಬಹುದು.