ನಾರ್ವೇಜಿಯನ್ ಕಾರ್ಡಿಗೆ ಕನ್ನಡ ಲಿಪಿಯ ಉಚ್ಚಾರ

ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ನಾರ್ವೆಯ ಓಸ್ಲೋ ತಂಡದ ಜೊತೆ ಕೋಡ್ ಬರೆಯುವುದಕ್ಕೆ ಇಂಗ್ಲಿಷ್ ಸಾಕು. ಆದರೆ ಹಳೆಯ ಟಿಕೆಟ್ಟುಗಳು (ಕೆಲಸ, ದೋಷಗಳ ದಾಖಲೆ), ಕೋಡಿನೊಳಗಿನ ಕಾಮೆಂಟುಗಳು, ಮೀಟಿಂಗ್ ಮುಗಿಯುವ ಹೊತ್ತಿಗೆ ಅವರವರೇ ಆಡಿಕೊಳ್ಳುವ ಮಾತು ಎಲ್ಲ ನಾರ್ವೇಜಿಯನ್‌ನಲ್ಲಿರುತ್ತವೆ. ಅದನ್ನು ನಾನು ಆಂಕಿ ಎಂಬ, ಮರೆಯುವ ಮುಂಚೆ ಕಾರ್ಡನ್ನು ಮತ್ತೆ ತೋರಿಸುವ ಆ್ಯಪ್‌ನ ಕಾರ್ಡುಗಳಲ್ಲಿ ಕಲಿಯುತ್ತಿದ್ದೇನೆ. ಉಚ್ಚಾರವನ್ನು ಮಾತ್ರ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ, ಯಾಕೆಂದರೆ ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲದ ಕೆಲವು ನಾರ್ವೇಜಿಯನ್ ಧ್ವನಿಗಳು ನಮ್ಮ ವರ್ಣಮಾಲೆಯಲ್ಲಿ ಸಿದ್ಧವಾಗಿವೆ.

ಓಸ್ಲೋ ಕಡೆಯ ಮಾತಿನಲ್ಲಿ ಆರ್ ಆದ ಕೂಡಲೇ ಟಿ, ಡಿ, ಎನ್, ಎಲ್, ಎಸ್ ಬಂದರೆ ಎರಡೂ ಕೂಡಿ ಟ, ಡ, ಣ, ಳ, ಷ ಆಗುತ್ತವೆ. ಮಗುವಿಗೆ ಬಿ-ಎ-ಆರ್-ಎನ್ ಎಂದು ಬರೆದು 'ಬಾಣ್' ಎನ್ನುತ್ತಾರೆ. ಎಫ್-ಇ-ಆರ್-ಡಿ-ಐ-ಜಿ, ಅಂದರೆ 'ಮುಗಿಯಿತು', ಸ್ಟ್ಯಾಂಡಪ್ ಎಂಬ ತಂಡದ ಚಿಕ್ಕ ಮೀಟಿಂಗಿನಲ್ಲಿ ದಿನವೂ ಕೇಳುವ ಪದ, ಹೇಳುವುದು 'ಫ್ಯಾಡಿ'. ಸಾಫ್ಟ್‌ವೇರ್ ವರ್ಷನ್ನಿಗೆ ಅವರದು 'ವ್ಯಾಷೂನ್'. ಎರಡು ಪದಗಳ ನಡುವೆಯೂ ಈ ಸಂಧಿ ಆಗುತ್ತದೆ: ಎಚ್-ಎ-ಆರ್, ಡಿ-ಯು ಎಂಬ ಎರಡು ಪದ, 'ನಿನ್ನ ಹತ್ತಿರ ಇದೆಯಾ' ಎಂದು ಕೇಳುವಾಗ, ಹೆಚ್ಚುಕಡಿಮೆ 'ಹಾಡು' ಎಂದೇ ಕಿವಿಗೆ ಬೀಳುತ್ತದೆ. ಈ ನಿಯಮ ಗೊತ್ತಿಲ್ಲದಿದ್ದರೆ ವೇಗದ ಮಾತಿನಲ್ಲಿ ಪದ ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ.

ನಮ್ಮವರು ಎಡವುವುದು ಬರಿಯ ಟಿ, ಡಿಗಳಲ್ಲಿ. ಇಂಗ್ಲಿಷಿನ ಟಿಯನ್ನು ನಾವು ಟ ಎಂದೇ ಬರೆದು, ಆಡಿ ರೂಢಿ. ನಾರ್ವೇಜಿಯನ್‌ನಲ್ಲಿ ಆರ್ ಇಲ್ಲದ ಟಿಗೆ ತ, ಡಿಗೆ ದ. ಪ್ರೋಗ್ರಾಂ ಟೆಸ್ಟ್ ಅವರಿಗೆ 'ತೆಸ್ತ್'. ಕೋಡ್ 'ಕೂದೆ'. ಅಲ್ಲಿ ಟ ಹಾಕಿದರೆ ಕೇಳುವವನು ಇಲ್ಲದ ಆರ್ ಒಂದನ್ನು ಊಹಿಸಿಕೊಳ್ಳುತ್ತಾನೆ. ಪದದ ಮೊದಲಿಗೆ ಬರುವ ಪಿ, ಟಿ, ಕೆಗಳಲ್ಲಿ ಮಹಾಪ್ರಾಣದ ಛಾಯೆ ಇದೆ. ಅದರಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಕಾರ್ಡಿನಲ್ಲಿ ಗುರುತಿಸುವುದಿಲ್ಲ. ಹ್ರಸ್ವ-ದೀರ್ಘ ಮಾತ್ರ ಬಿಡುವಂತಿಲ್ಲ: ಛಾವಣಿ 'ತಾಕ್', ಧನ್ಯವಾದ 'ತಕ್ಕ್'.

ಪ್ರೋಗ್ರಾಮರುಗಳು ಮೊದಲ ವಾರದಲ್ಲೇ ಕಾರ್ಡು ಮಾಡಿಕೊಳ್ಳಬೇಕಾದ ಜೋಡಿ ಒಂದಿದೆ. 'ಫೈಲ್' ಎಂದು ಕೇಳಿಸಿದರೆ ಅದು ದೋಷ, ಎರರ್. ನಮ್ಮ ಫೈಲಿಗೆ ಅವರು 'ಫೀಲ್' ಎನ್ನುತ್ತಾರೆ. ಲಾಗ್ ಓದುತ್ತಾ ಮಾತಾಡುವಾಗ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ.

ಕನ್ನಡ ಲಿಪಿಗೆ ಸಿಗದ ಸ್ವರಗಳೂ ಇವೆ. ಅವರ ಯು ಅಕ್ಷರಕ್ಕೆ ತುಳುವಿನ 'ನೀರ್', 'ಪೇರ್' ಪದಗಳ ಕೊನೆಗೆ ಕೇಳುವ ಅರೆ ಉಕಾರ ಹತ್ತಿರ. ಅದನ್ನೇ ತುಟಿ ಬಿಗಿಯಾಗಿ ಕೂಡಿಸಿ ಹೇಳಬೇಕು. ಈ ಎನ್ನುತ್ತಾ ತುಟಿ ಮುಂದೆ ತಂದರೆ ಅವರ ವೈ, ಏ ಎನ್ನುತ್ತಾ ತುಟಿ ದುಂಡಗೆ ಮಾಡಿದರೆ ಗೆರೆ ಹೊಡೆದ ಓ. ಇಂಥ ಸ್ವರದ ಮುಂದೆ ನಾನು ನಕ್ಷತ್ರ ಚಿಹ್ನೆ ಹಾಕುತ್ತೇನೆ, ಓದುವಾಗ ತುಟಿ ನೆನಪಾಗಲಿ ಎಂದು. ಪದದ ರಾಗ ಎರಡು ಬಗೆ. ರೈತರು ಮತ್ತು ಬೀನ್ಸ್ ಎಂಬ ಅರ್ಥದ ಅವರ ಪದಗಳಿಗೆ ರಾಗದಲ್ಲಷ್ಟೇ ವ್ಯತ್ಯಾಸ. ಇದನ್ನು ಬರೆದು ಕಲಿಯಲಾಗದು, ಕಾರ್ಡಿಗೆ ನಾರ್ವೆಯವರದೇ ಧ್ವನಿ ಸೇರಿಸಬೇಕು. ಸಹೋದ್ಯೋಗಿ ಬರ್ಗನ್ ಅಥವಾ ಸ್ತಾವಾಂಗರ್ ಊರಿನವರಾದರೆ ಮೇಲಿನ ಟ-ಡ-ಣ ನಿಯಮವೇ ನಡೆಯುವುದಿಲ್ಲ. ಅವರ ಆರ್ ಗಂಟಲಿನಿಂದ ಬರುತ್ತದೆ, ಮುಂದಿನ ವ್ಯಂಜನದೊಂದಿಗೆ ಬೆರೆಯುವುದಿಲ್ಲ.

ಕಾರ್ಡುಗಳನ್ನು ಆಂಕಿಯೊಳಗೆ ಟೈಪ್ ಮಾಡುವುದಿಲ್ಲ. ಟ್ಯಾಬ್‌ನಿಂದ ಬೇರ್ಪಡಿಸಿದ ಒಂದೇ ಟೆಕ್ಸ್ಟ್ ಫೈಲ್, ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ. ನಾಲ್ಕು ಕಾಲಂ: ಲಿಂಗ ತೋರಿಸುವ ಆರ್ಟಿಕಲ್ ಸಮೇತ ಪದ, ಕನ್ನಡ ಉಚ್ಚಾರ, ಅರ್ಥ, ಕೆಲಸದಲ್ಲಿ ಸಿಕ್ಕ ಒಂದು ವಾಕ್ಯ. ಆರ್ಟಿಕಲ್ ಬೇಕೇ ಬೇಕು, ಲಿಂಗವನ್ನು ಪದ ನೋಡಿ ಊಹಿಸಲು ಬರುವುದಿಲ್ಲ. ಇಂಪೋರ್ಟ್ ಮಾಡುವಾಗ ಆಂಕಿ ಮೊದಲ ಕಾಲಂ ನೋಡಿಯೇ ಹಳೆಯ ಕಾರ್ಡು ಯಾವುದೆಂದು ಗುರುತಿಸುತ್ತದೆ. ಆದ್ದರಿಂದ ತಿದ್ದುವುದಿದ್ದರೆ ಉಳಿದ ಮೂರು ಕಾಲಂ ತಿದ್ದಬಹುದು, ಮೊದಲನೆಯದನ್ನು ಮುಟ್ಟಿದರೆ ಹೊಸ ಕಾರ್ಡು ಹುಟ್ಟುತ್ತದೆ.

ಫೈಲಿನಲ್ಲಿ ಇರುವ ಪದವೂ ಕೆಲವೊಮ್ಮೆ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಕಾರಣ ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ. ತಲೆಯ ಮೇಲೆ ಸೊನ್ನೆ ಇರುವ ಎ ಅಕ್ಷರವನ್ನು ಒಂದೇ ಸಂಕೇತವಾಗಿಯೂ ಎ ಮತ್ತು ಸೊನ್ನೆ ಎಂಬ ಎರಡು ಸಂಕೇತವಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಪದ ಹುಡುಕುವ ಗ್ರೆಪ್‌ಗೆ ಬೇರೆ ಬೇರೆ. ಗೆರೆ ಹೊಡೆದ ಓ, ಎ-ಇ ಕೂಡಿದ ಅಕ್ಷರ ಹೀಗೆ ಒಡೆಯುವುದಿಲ್ಲ. ಕನ್ನಡದ ಒ-ಕಾರ, ಓ-ಕಾರ, ಏ-ಕಾರದ ಚಿಹ್ನೆಗಳೂ ಎರಡು ಬಗೆಯಲ್ಲಿ ಇರಬಲ್ಲವು. ಗಿಟ್‌ನಲ್ಲಿ ಕಮಿಟ್ ಮಾಡಿ ದಾಖಲಿಸುವ ಮುಂಚೆ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಇಡೀ ಫೈಲನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ಒಂದೇ ಸಂಕೇತದ ರೂಪಕ್ಕೆ, ತಂದರೆ ಎರಡು ಲಿಪಿಯ ತೊಂದರೆಯೂ ಒಟ್ಟಿಗೆ ತೀರುತ್ತದೆ. ಎಡಿಟರ್ ಮಾತ್ರ ಟರ್ಮಿನಲ್ಲಿನದು, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯೊಳಗಿನದು, ಬೇಡ. ಬಹುಪಾಲು ಟರ್ಮಿನಲ್‌ಗಳು ಚೌಕಕ್ಕೊಂದು ಅಕ್ಷರ ಇಡುವುದರಿಂದ ಒತ್ತಕ್ಷರ ಚದುರುತ್ತದೆ, 'ತಕ್ಕ್' ಓದಲಾಗುವುದಿಲ್ಲ. ಕೇಟ್ ಅಥವಾ ವಿಎಸ್ ಕೋಡ್ ಎಂಬ ಎಡಿಟರ್‌ಗಳಲ್ಲಿ ಸರಿಯಾಗಿ ಕಾಣುತ್ತದೆ.

ನಾರ್ವೇಜಿಯನ್ ಕೀಬೋರ್ಡ್ ಲೇಔಟನ್ನು ನಾನು ಹಾಕಿಕೊಂಡಿಲ್ಲ. ಅದರಲ್ಲಿ ಚೌಕ ಕಂಸ, ಪುಷ್ಪ ಕಂಸಗಳು ಆಲ್ಟ್‌ಜಿಆರ್ ಜೊತೆಗೆ 7, 8, 9, 0 ಕೀಲಿಗಳಿಗೆ ಹೋಗುತ್ತವೆ, ಕೋಡ್ ಬರೆಯುವ ಕೈಗೆ ಅದು ಹಿಂಸೆ. ಲಿನಕ್ಸ್‌ನಲ್ಲಿ ಅಮೆರಿಕನ್ ಲೇಔಟ್ ಇಟ್ಟುಕೊಂಡು ಬಲಗಡೆಯ ಒಂದು ಕೀಲಿಯನ್ನು ಕಂಪೋಸ್, ಅಂದರೆ ಮುಂದೆ ಒತ್ತುವ ಎರಡು ಕೀಲಿಗಳನ್ನು ಒಂದೇ ಅಕ್ಷರವಾಗಿ ಕೂಡಿಸುವ ಕೀಲಿ, ಮಾಡಿದ್ದೇನೆ: ಕಂಪೋಸ್ ಆದ ಮೇಲೆ ಓ ಮತ್ತು ಓರೆಗೆರೆ, ಎ ಮತ್ತು ಇ, ಎ ಎರಡು ಸಲ. ಮೂರು ಅಕ್ಷರವೂ ಸಿಕ್ಕಿತು. ಕನ್ನಡಕ್ಕೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನ ಕಗಪ ಲೇಔಟ್.

ಆಂಕಿಯಲ್ಲಿ ದಿನಕ್ಕೆ 20 ಹೊಸ ಕಾರ್ಡು ಎಂದು ಮೊದಲೇ ಇರುತ್ತದೆ. ಕೆಲಸದ ನಡುವೆ ಅದು ವಿಪರೀತ, 10ಕ್ಕೆ ಇಳಿಸಿ. ಯಾವ ಕಾರ್ಡು ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ ಎಫ್‌ಎಸ್‌ಆರ್‌ಎಸ್ ಆನ್ ಮಾಡಿ, ನೆನಪಿನ ಗುರಿಯನ್ನು 0.90ರಲ್ಲೇ (ನೂರಕ್ಕೆ ತೊಂಬತ್ತು ನೆನಪಿರಲಿ ಎಂದು) ಬಿಡಿ, 0.95 ಮಾಡಿದರೆ ಪುನರಾವರ್ತನೆ ಬಹಳ ಹೆಚ್ಚುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಹೋದರೂ ಫೋನಿನ ಆಂಕಿಡ್ರಾಯ್ಡ್‌ನಲ್ಲಿ ಓದು ನಿಲ್ಲುವುದಿಲ್ಲ, ಬೆಳಗ್ಗೆ ಒಮ್ಮೆ ಸಿಂಕ್ ಮಾಡಿಟ್ಟರೆ ಸಾಕು. ನಾನು ಓದುವುದು ಮೀಟಿಂಗಿಗೆ ಮುಂಚೆ. ಓಸ್ಲೋದ ಬೆಳಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ 12.30, ಚಳಿಗಾಲದಲ್ಲಿ 1.30. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಬದಲಾಗುವುದರಿಂದ ಕ್ಯಾಲೆಂಡರ್‌ನಲ್ಲಿ ಮೀಟಿಂಗನ್ನು ಓಸ್ಲೋ ಸಮಯಕ್ಕೇ ಕಟ್ಟಿ, ನಮ್ಮ ಸಮಯಕ್ಕಲ್ಲ.